ಬೆನ್ನು ನೋಡಿ ಬೆಲೆ ಹೇಳುತ್ತಿದ್ದವರು

ನಮ್ಮ ಮನೆಯ ಮೇಲಿನ ಪೋರ್ಷನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ ಅವರು ಮುಂಬಾಗಿಲಿಗೆ ಬರಲೇ ಇಲ್ಲ. ಗೇಟು ತೆಗೆದ ಸದ್ದಾಯಿತು, ಯಾರೂ ಬೆಲ್ ಒತ್ತಲಿಲ್ಲ. ಹೋಗಿ ನೋಡಿದರೆ ಬಿಳಿ ಷರ್ಟು ತೊಟ್ಟು, ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು ಹಿತ್ತಲಿನಲ್ಲಿ ನಿಂತು ಬಚ್ಚಲಿನ ಪೈಪು, ಗೋಡೆಯ ಪಾಚಿ, ತಾರಸಿಯಿಂದ ಇಳಿದ ಮಳೆನೀರಿನ ಕಲೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಗಂಟಲು ನನ್ನದು. "ಯಾರ್ರೀ ಅದು?" ಎಂದು ಗದರಿದೆ.

"ಬಾಡಿಗೆಗೆ ಕೇಳೋಕೆ ಬಂದೆ ಮೇಡಂ. ಹಿಂದ್ಗಡೆ ಗಟ್ಟಿಯಾಗಿದೆ. ಇನ್ನು ಮುಂದ್ಗಡೆ ನೋಡೋ ಅವಶ್ಯಕತೆ ಇಲ್ಲ," ಎಂದರು.

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮುಂದಿನ ವಾರವೇ ಹೆಂಡತಿಯಿಲ್ಲದ ಆ ಒಂಟಿ ಮನುಷ್ಯ ಒಂದು ಚಾಪೆ, ಎರಡು ಟ್ರಂಕು ಮತ್ತು ಗೋಣಿಯಲ್ಲಿ ಸುತ್ತಿದ ಹದಿನೆಂಟು ಕಬ್ಬಿಣದ ಬೋರ್ಡುಗಳೊಡನೆ ನಮ್ಮ ಬಸವೇಶ್ವರನಗರದ ಮನೆಯ ಮೇಲಕ್ಕೆ ಹತ್ತಿದರು. ಹನ್ನೊಂದು ವರ್ಷ ಇದ್ದರು. ಮೊಣಕಾಲು ಕೈಕೊಟ್ಟ ಮೇಲೆ ರಾಜರಾಜೇಶ್ವರಿನಗರದಲ್ಲಿದ್ದ ಮಗಳು ಬಲವಂತವಾಗಿ ಕರೆದುಕೊಂಡು ಹೋದಳು. ಹೋದ ತಿಂಗಳು ಅವಳೇ ಫೋನ್ ಮಾಡಿ, "ಅಪ್ಪ ಬೆಳಿಗ್ಗೆ ಕಾಫಿ ಕುಡ್ಕೊಂಡು, ಲೋಟ ಕೆಳಗಿಟ್ರು ಆಂಟಿ, ಅಷ್ಟೇ," ಎಂದಳು. ಅಳು ಬಂತು. ಆದರೆ ಅವರನ್ನು ನೆನೆದು ಬಹಳ ಹೊತ್ತು ಅಳುವುದು ನನ್ನಿಂದ ಸಾಧ್ಯವಿಲ್ಲ. ಅಳುತ್ತಿರುವಾಗಲೇ ಆ ಭಾನುವಾರದ ನೆನಪು ಬಂದು ಎದೆ ಉಬ್ಬುತ್ತದೆ.

ಭಾನುವಾರದ ಕಥೆಗೆ ಮೊದಲು ಬೋರ್ಡುಗಳ ವಿಷಯ ಹೇಳಬೇಕು. ಹದಿನೆಂಟರಲ್ಲಿ ಹದಿನಾಲ್ಕು ವಿಸ್ಕಿಯ ಜಾಹೀರಾತುಗಳು. ಜೊತೆಗೆ ವಿಸ್ಕಿ ಹೆಸರಿನ ಆಶ್ ಟ್ರೇ, ವಿಸ್ಕಿ ಹೆಸರಿನ ಪಿಂಗಾಣಿ ನೀರಿನ ಹೂಜಿ, ವಿಸ್ಕಿ ಹೆಸರು ಕೆತ್ತಿದ ಕನ್ನಡಿ. ಬೀದಿಯಲ್ಲೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯವರು ನನ್ನನ್ನು ಕರೆದು, "ನಿಮ್ಮ ಟೆನೆಂಟ್ ಸ್ವಲ್ಪ ತಗೋತಾರಂತೆ?" ಎಂದು ಪಿಸುಗುಟ್ಟಿದರು. ನಮ್ಮ ಟೆನೆಂಟೋ, ನಾನು ಕೆಮ್ಮಿಗೆಂದು ಕೊಟ್ಟ ಸಿರಪ್ಪಿನ ಚೀಟಿಯಲ್ಲಿ ಆಲ್ಕೋಹಾಲ್ ಎಂಬ ಪದ ಓದಿ ಬಾಟಲಿಯನ್ನು ಹಾಗೇ ವಾಪಸು ತಂದಿಟ್ಟ ಆಸಾಮಿ.

ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಮನೆಗೆ ಬಾಳೆಹಣ್ಣು, ಎಲೆ ಅಡಿಕೆ ತಂದುಕೊಟ್ಟರು. ನಮ್ಮ ಅತ್ತೆ ಆಗ ಇದ್ದರು. ಹಣ್ಣು ಎತ್ತಿ ನೋಡಿದರೆ ತಟ್ಟೆಯ ಮೇಲೆ ಬಿಳಿಯನೊಬ್ಬ ವಿಸ್ಕಿ ಬಾಟಲಿ ಹಿಡಿದುಕೊಂಡು ನಗುತ್ತಿದ್ದಾನೆ.

"ಇದೇನಪ್ಪಾ ಇದು, ದೇವ್ರ ಮುಂದೆ!" ಎಂದರು ಅತ್ತೆ.

"ಚೆನ್ನಾಗಿ ತೊಳೆದೇ ತಂದಿದೀನಿ ಅಮ್ಮ."

"ತೊಳೆದ್ರೆ ಹೋಗುತ್ತೇನಪ್ಪಾ ಅದು?"

"ಹೋಗಲ್ಲ ಅಮ್ಮ. ಅದಕ್ಕೇ ಅದಕ್ಕೆ ಬೆಲೆ."

ಅವರು ದುಡಿದದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ, ಈಗ ಗುರುತು ಕೂಡ ಉಳಿಯದ ಒಂದು ಎನಾಮಲ್ ಕಾರ್ಖಾನೆಯಲ್ಲಿ. ಕಬ್ಬಿಣದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ, ಕುಲುಮೆಯಲ್ಲಿ ಕರಗಿಸಿ ಬೋರ್ಡು ಮಾಡುವ ಕೆಲಸ. ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಬೇಯಿಸಬೇಕು. ಅದೇ ಕುಲುಮೆಯ ಬಾಯಲ್ಲಿ ಎಡಗೈ ಹೆಬ್ಬೆರಳಿನ ಉಗುರು ಹೋಗಿತ್ತು. "ಸೋಪಿನವರು ಎರಡು ಬಣ್ಣದಲ್ಲಿ ಮುಗಿಸೋರು ಮೇಡಂ. ಸೈಕಲ್‌ನವರು ಮೂರು. ವಿಸ್ಕಿಯವರು ಆರು ಬಣ್ಣ ಕೇಳೋರು, ಒಂದು ಚುಕ್ಕೆ ತಪ್ಪಿದ್ರೂ ವಾಪಸ್. ನಾನು ಕೆಲಸ ಕಲಿತಿದ್ದು ವಿಸ್ಕಿಯಿಂದ. ಆ ಋಣಕ್ಕೆ ಇಟ್ಕೊಂಡಿದೀನಿ," ಎನ್ನುತ್ತಿದ್ದರು.

ಇಂಥ ಹಳೆಯ ಜಾಹೀರಾತುಗಳಿಗೆ ಹುಚ್ಚು ಹಿಡಿದವರು ಈ ಊರಿನಲ್ಲಿ ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಾದದ್ದೇ ಅವರಿಂದ. ವಾರಕ್ಕೆ ಇಬ್ಬರು ಮೂವರಾದರೂ ಏನಾದರೊಂದು ಹೊತ್ತುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಇವರು ಮೊದಲು ಕೈ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಬಂದವರು ಬೋರ್ಡಿನ ಚಿತ್ರ ತೋರಿಸಲು ಹೋದರೆ, "ಮುಖ ಆಮೇಲೆ. ಬೆನ್ನು ತೋರ್ಸಿ," ಎನ್ನುತ್ತಿದ್ದರು. ಮುಖಕ್ಕೆ ಯಾರು ಬೇಕಾದರೂ ಬಣ್ಣ ಹಚ್ಚುತ್ತಾರೆ, ಬೆನ್ನಿಗೆ ಸುಳ್ಳು ಹೇಳಿಸುವಷ್ಟು ತಾಳ್ಮೆ ಯಾವ ಕಳ್ಳನಿಗೂ ಇಲ್ಲ ಎಂಬುದು ಅವರ ಸಿದ್ಧಾಂತ. ಕನ್ನಡಿಯಾದರೆ ಹಿಂದಿನ ರಸ ಎಲ್ಲಿ ಕಪ್ಪಾಗಿದೆ ನೋಡುವರು. ಹೂಜಿಯಾದರೆ ಕವುಚಿ, ತಳದ ಅಂಚು ಎಷ್ಟು ಸವೆದಿದೆ ಎಂದು ಬೆರಳಾಡಿಸುವರು. ಬೋರ್ಡಾದರೆ ಬೆನ್ನಿನಿಂದ ಅಂಚಿಗೆ, ಅಂಚಿನಿಂದ ಮೊಳೆಯ ತೂತಿಗೆ ಬಂದು, ಕಟ್ಟಕಡೆಗೆ ಕಣ್ಣು ಮುಚ್ಚಿ ಅಕ್ಷರಗಳ ಮೇಲೆ ಬಲಗೈ ಉಗುರು ಎಳೆಯುವರು. ಕುಲುಮೆಯಲ್ಲಿ ಬೆಂದ ಬೋರ್ಡಾದರೆ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಕಡೆ ಉಗುರು ಸಣ್ಣಗೆ ಎಡವಬೇಕು. ಎಡವದಿದ್ದರೆ ಅದು ಅಚ್ಚು ಹಾಕಿದ ನಕಲು. ಇದೆಲ್ಲ ಆದ ಮೇಲೆ ಕಣ್ಣು ತೆರೆದು ಪಟ್ಟನೆ ಬೆಲೆ ಹೇಳಿಬಿಡುತ್ತಿದ್ದರು. ಫೀಸು ಕಾಲು ಕೆಜಿ ಕಾಫಿಪುಡಿ.

ಒಮ್ಮೆ ವಿಜಯನಗರದಲ್ಲಿ ಬಾರ್ ತೆಗೆಯಲು ಹೊರಟಿದ್ದ ಇಬ್ಬರು ಯುವಕರು ದೊಡ್ಡ ಬೋರ್ಡೊಂದನ್ನು ತಂದರು. ಇಂಟರ್‌ನೆಟ್ಟಿನಲ್ಲಿ ಕೊಂಡದ್ದು, ನೂರು ವರ್ಷದ್ದಂತೆ. ಇವರು ಬೆನ್ನು ನೋಡಿದರು, ಉಗುರು ಎಳೆದರು.

"ಹೋದ ವರ್ಷದ ಮಗು ಇದು. ತುಕ್ಕು ಒಳಗಿಂದ ಬರ್ಬೇಕು ಕಣಪ್ಪಾ, ಇದಕ್ಕೆ ಮೇಲಿಂದ ಬಳಿದಿದಾರೆ. ಉಪ್ಪುನೀರಲ್ಲಿ ಒಂದು ವಾರ ನೆನೆಹಾಕಿದ್ರೆ ನೀನೂ ನೂರು ವರ್ಷದವನಾಗ್ತೀಯ," ಎಂದರು.

"ಮಚ್ಚಾ, ಹೋಯ್ತು ಕಣೋ ದುಡ್ಡು," ಎಂದು ಒಬ್ಬ ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಇನ್ನೊಬ್ಬ, "ತಾತ ಸಖತ್ ಗುರು," ಎಂದು ಕಾಫಿಪುಡಿ ತರಲು ಓಡಿದ.

ಹೊಗಳಿಕೊಂಡು ಹೋಗುತ್ತಿದ್ದೇನೆ, ಅವರ ಉಪದ್ರವವನ್ನೂ ಹೇಳಬೇಕು. ನಮ್ಮ ನಾದಿನಿಯ ಮಗಳ ಮದುವೆಗೆ ಕರೆದುಕೊಂಡು ಹೋಗಿದ್ದೆ. ಗಂಡಿನ ಕಡೆಯವರು ಉಡುಗೊರೆಯಾಗಿ ತಂದ ಬೆಳ್ಳಿ ತಟ್ಟೆಯನ್ನು ಎಲ್ಲರೆದುರು ಮಗುಚಿ ನೋಡಿ, "ಬೆಳ್ಳಿ ಅಲ್ಲ, ಜರ್ಮನ್ ಸಿಲ್ವರ್," ಎಂದು ತೀರ್ಪು ಕೊಟ್ಟರು. ಊಟದ ಎಲೆ ಮುಂದೆ ಕೂರುವ ತನಕ ಯಾರೂ ನನ್ನ ಜೊತೆ ಮಾತಾಡಲಿಲ್ಲ. ದಾರಿಯಲ್ಲಿ ಬೈದೆ. "ಸುಳ್ಳು ಹೇಳಿದ್ನಾ ಮೇಡಂ?" ಎಂದರು. ಸುಳ್ಳಲ್ಲ ಎಂಬುದೇ ನನ್ನ ಕಷ್ಟವಾಗಿತ್ತು.

ಇನ್ನು ಜಯಮ್ಮ. ಅವಳು ಹೇರೋಹಳ್ಳಿಯವಳು, ನನ್ನ ರವಿಕೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಮನೆಯ ಪಡಸಾಲೆಯಲ್ಲೇ ಮಿಷನ್ ಇಟ್ಟುಕೊಂಡಿದ್ದಳು. ಆ ಹಳ್ಳದ ರಸ್ತೆಯಲ್ಲಿ ಅವಳ ಮನೆ ಹುಡುಕಿಕೊಂಡು ಹೋಗುವ ಗಿರಾಕಿಗಳು ಕಡಿಮೆ, ಹಾಗಾಗಿ ಅವಳೇ ಸ್ಕೂಟಿಯಲ್ಲಿ ಮನೆಮನೆ ತಿರುಗುತ್ತಿದ್ದಳು. ಒಂದು ದಿನ ಕುಣಿಯುವಂತೆ ಬಂದಳು. ಮೇನ್ ರೋಡಿನಲ್ಲಿ ಪುಟ್ಟ ಅಂಗಡಿಯೊಂದು ಖಾಲಿಯಾಗಿದೆ, ಓನರ್ ಈ ತಿಂಗಳ ಕೊನೆಯವರೆಗೆ ಅವಳಿಗಾಗಿ ಇಟ್ಟಿರುತ್ತಾರಂತೆ. ಅಡ್ವಾನ್ಸ್ ಕಟ್ಟಿದರೆ ಅಂಗಡಿ ಅವಳದು, ಇಲ್ಲದಿದ್ದರೆ ಮೊಬೈಲ್ ರಿಪೇರಿಯವನದು. ಅಡ್ವಾನ್ಸಿಗೆ ಅವಳಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಇವರು ಬೋರ್ಡೊಂದನ್ನು ಬಿಸಿಲಿಗೆ ಇಡಲು ಕೆಳಗೆ ತಂದರು. ಜಯಮ್ಮ ನೋಡಿ, "ಅಯ್ಯೋ, ಇಂಥದ್ದು ನಮ್ಮನೇಲೂ ಒಂದಿದೆ. ನೀರಿನ ಡ್ರಮ್ಮಿಗೆ ಮುಚ್ಚಿದೀವಿ," ಎಂದಳು. ಅವಳ ಅಪ್ಪ ದಂಡು, ಅಂದರೆ ಕಂಟೋನ್ಮೆಂಟ್ ಕಡೆ ಒಂದು ಕ್ಲಬ್ಬಿನಲ್ಲಿ ಬೇರರ್ ಆಗಿದ್ದವರು. ಹಳೆಯ ಬಾರ್ ಒಡೆದು ಹೊಸದು ಕಟ್ಟುವಾಗ ಅದನ್ನು ಅವಳ ಅಪ್ಪನಿಗೆ ಕೊಟ್ಟರಂತೆ. ಎರಡು ಕೊಕ್ಕರೆ ಚಿತ್ರದ ವಿಸ್ಕಿ ಬೋರ್ಡು. ಮನೆಗೆ ಬಂದವರು ಏನಂದುಕೊಳ್ಳುತ್ತಾರೋ ಎಂಬ ನಾಚಿಕೆಗೆ ಜಯಮ್ಮನ ತಾಯಿ ಅದನ್ನು ಮುಖ ಕೆಳಗೆ ಮಾಡಿಯೇ ಮುಚ್ಚಿಟ್ಟಿದ್ದರು. ಇವರ ಕಣ್ಣು ಅರಳಿತು. "ಬಿಸಿಲು ಬಿದ್ದಿಲ್ಲ ಅಂದ್ರೆ ಬಣ್ಣ ಹಾಗೇ ಇರುತ್ತೆ. ನಾಳೆ ತಗೊಂಬಾ," ಎಂದರು.

ಮರುದಿನ ಜಯಮ್ಮ ಬಂದಳು, ಮುಖ ಬಾಡಿಹೋಗಿತ್ತು. ದೊಡ್ಡವರ ಮುಂದೆ ಕೊಳಕು ಬೋರ್ಡು ಹಿಡಿಯುವುದು ಹೇಗೆಂದು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹಣ್ಣು, ಬೂದಿ ಹಾಕಿ ಬೆಳಗಿದ್ದಳು. ದಾರಿಯಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ ತೋರಿಸಿದ್ದಳು. ಮೊಳೆ ತೂತಿನ ಸುತ್ತ ತುಕ್ಕೇ ಇಲ್ಲ, ಕೆಳಗಡೆ ಸ್ಕಾಟ್ಲೆಂಡಿನ ತಯಾರಕರ ಹೆಸರಿಲ್ಲ, ಇದು ಡೂಪ್ಲಿಕೇಟ್, ಬೇಕಾದರೆ ಎರಡು ಸಾವಿರ ಕೊಡ್ತೀನಿ ಎಂದಿದ್ದ.

ಇವರು ತೂತು ನೋಡಿ ತಲೆ ಚಚ್ಚಿಕೊಂಡರು. "ಅರವತ್ತು ವರ್ಷದ ತುಕ್ಕನ್ನ ಅರ್ಧ ಗಂಟೇಲಿ ತೊಳೆದುಬಿಟ್ಟೆಯಲ್ಲೇ ತಾಯಿ! ಅದೇ ಸಾಕ್ಷಿ ಕಣೇ!"

"ನಂಗೇನ್ ಗೊತ್ತು ಸಾರ್? ಹೊಳೀಲಿ ಅಂತ..." ಅವಳು ಅಳತೊಡಗಿದಳು.

"ಹಿಂದ್ಗಡೇನೂ ಬೆಳಗಿದ್ಯಾ?"

"ಇಲ್ಲ. ಹಿಂದ್ಗಡೆ ಯಾರು ನೋಡ್ತಾರೆ?"

ಇವರು ಬೋರ್ಡು ಮಗುಚಿದರು. ನನ್ನ ಸ್ಕೂಲಿನ ಕಾಲದ ಭೂತಗನ್ನಡಿ ಕೇಳಿದರು. ಬೂದು ಬಣ್ಣದ ಆ ಬೆನ್ನಿನ ಮೇಲೆ ಬೆರಳಿಟ್ಟು, "ಒಂದು... ಎರಡು... ಮೂರು," ಎಂದು ಎಣಿಸಿದರು. ಮೇಲಿನ ಎಡಮೂಲೆಯಲ್ಲಿ ಬಹಳ ಹೊತ್ತು ಹುಡುಕಿದರು. ಆಮೇಲೆ ನಗತೊಡಗಿದರು. ಹನ್ನೊಂದು ವರ್ಷದಲ್ಲಿ ಅವರು ಹಾಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬೇಯಿಸುವಾಗ ತಗಡು ಕುಲುಮೆಯೊಳಗೆ ನಾಲ್ಕು ಕಬ್ಬಿಣದ ಮುಳ್ಳುಗಳ ಮೇಲೆ ಕೂತಿರುತ್ತದೆ. ಮುಳ್ಳು ತಾಕಿದ ಕಡೆ ಬೆನ್ನಿನಲ್ಲಿ ಎಳ್ಳಿನಷ್ಟು ಚುಕ್ಕೆ ಉಳಿಯುತ್ತದೆ. ಅವರ ಕಾರ್ಖಾನೆಯ ಕುಲುಮೆಯಲ್ಲಿ ಒಂದು ಮುಳ್ಳು ಮುರಿದಿತ್ತು. ಯಜಮಾನರು ಹೊಸದು ಹಾಕಿಸಲೇ ಇಲ್ಲ. ಇವರು ವರ್ಷಗಟ್ಟಲೆ ಮೂರು ಮುಳ್ಳಿನ ಮೇಲೇ ಬೋರ್ಡು ಜಾರದಂತೆ ಕೂರಿಸಿ ಬೇಯಿಸಿದ್ದರು. ಹಡಗಿನಲ್ಲಿ ಬೋರ್ಡು ತರಿಸುವುದು ಕಷ್ಟವಾದಾಗ ಕೊಕ್ಕರೆ ವಿಸ್ಕಿಯ ಏಜೆಂಟರು ಇಲ್ಲೇ ಮಾಡಿಸಿದ ನಲವತ್ತು ಬೋರ್ಡುಗಳಲ್ಲಿ ಇದೂ ಒಂದು.

"ಮೇಡಂ, ಇದು ಸ್ಕಾಟ್ಲೆಂಡಿಂದಲ್ಲ, ಡೂಪ್ಲಿಕೇಟೂ ಅಲ್ಲ. ರಾಜಾಜಿನಗರದ್ದು. ನಾನು ಬೇಯಿಸಿದ್ದು," ಎಂದರು.

ಆದರೆ ಇದನ್ನು ಯಾರು ನಂಬಬೇಕು? ಹಳೆಯ ಜಾಹೀರಾತು ಸಂಗ್ರಹಿಸುವವರು ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೇರುವುದಿತ್ತು. ತಿಂಗಳು ಮುಗಿಯಲು ನಾಲ್ಕೇ ದಿನ ಇದ್ದ ಭಾನುವಾರ ಅದು. ಬೋರ್ಡನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ನಾವು ಮೂವರೂ ಆಟೋದಲ್ಲಿ ಹೋದೆವು. ಜಯಮ್ಮ ದಾರಿಯುದ್ದಕ್ಕೂ ಬೋರ್ಡನ್ನು ತೊಡೆಯ ಮೇಲೆ ತಬ್ಬಿ ಹಿಡಿದಿದ್ದಳು.

ಹಾಲಿನಲ್ಲಿ ಮೂವತ್ತು ಜನ ಇದ್ದರು. ಅಲ್ಲಿನ ಹಿರಿಯ ಸಂಗ್ರಾಹಕರು ಬಹಳ ಮರ್ಯಾದಸ್ಥರು, ಕೈಯಲ್ಲಿ ಬಣ್ಣದ ಚಿತ್ರಗಳ ದಪ್ಪ ಇಂಗ್ಲಿಷ್ ಪುಸ್ತಕ. ನಮ್ಮ ಬೋರ್ಡು ನೋಡಿ ಪುಸ್ತಕ ತೆರೆದು, "ಕೊಕ್ಕರೆ ಬೋರ್ಡುಗಳೆಲ್ಲ ಸ್ಕಾಟ್ಲೆಂಡಿನಲ್ಲೇ ಆಗಿದ್ದು ಸಾರ್. ಇಲ್ಲಿ ಮಾಡಿದ್ದಕ್ಕೆ ದಾಖಲೆ ಇಲ್ಲ. ನಿಮ್ಮ ಅನುಭವದ ಬಗ್ಗೆ ಗೌರವ ಇದೆ, ಆದ್ರೆ ನೀವು ಫ್ಯಾಕ್ಟರಿ ವರ್ಕರು, ರಿಸರ್ಚ್ ಬೇರೆ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಮೈ ಉರಿದುಹೋಯಿತು. ಇವರು ಮಾತ್ರ ಗೋಡೆಯ ಕಡೆ ನೋಡುತ್ತಿದ್ದರು. ಅಲ್ಲಿ ಪ್ರದರ್ಶನಕ್ಕೆಂದು ಪ್ಲೈವುಡ್ಡಿಗೆ ಸ್ಕ್ರೂ ಹಾಕಿ ನಿಲ್ಲಿಸಿದ್ದ ಅದೇ ಕೊಕ್ಕರೆ ಬೋರ್ಡು ಇತ್ತು. ಕೆಳಗಿನ ಅಂಚು ತುಕ್ಕು ತಿಂದುಹೋಗಿತ್ತು.

"ಇದು ಯಾರದು?"

"ನಂದೇ. ಮೂವತ್ತು ವರ್ಷದ ಹಿಂದೆ ಒಂದು ಹಳೇ ವೈನ್ ಶಾಪಿನ ಗೋಡೆಯಿಂದ ನಾನೇ ಕೈಯಾರೆ ಕಿತ್ತಿದ್ದು. ಸ್ಕಾಟ್ಲೆಂಡಿನ ಹೆಸರು ಆ ತುಕ್ಕಲ್ಲಿ ಹೋಗಿದೆ. ಇದರ ಬಗ್ಗೆ ಯಾರಿಗೂ ಅನುಮಾನ ಇಲ್ಲ," ಎಂದರು ಸಂಗ್ರಾಹಕರು.

ಇವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಆ ಬೋರ್ಡಿನ ನೀಲಿ ಅಕ್ಷರಗಳ ಮೇಲೆ ಉಗುರು ಎಳೆದರು. ಇನ್ನೊಮ್ಮೆ ಎಳೆದರು. ನನ್ನ ಹತ್ತಿರ ಬಂದು ಪೆನ್ನು, ಕಾಗದ ಕೇಳಿದರು. ಚೌಕ ಬರೆದು ಒಳಗೆ ಮೂರು ಚುಕ್ಕೆ ಇಟ್ಟರು, ಮೇಲಿನ ಎಡಮೂಲೆಯನ್ನು ಖಾಲಿ ಬಿಟ್ಟರು. ಕಾಗದ ಮಡಚಿ ನನ್ನ ಕೈಯಲ್ಲಿಟ್ಟರು.

"ಸ್ಕ್ರೂ ತೆಗೆಸಿ ಸಾರ್. ಬೆನ್ನಲ್ಲಿ ಏನಿದೆ ಅಂತ ಮೇಡಂ ಕೈಲಿದೆ. ತಪ್ಪಾಗಿದ್ರೆ ನಾನು ಇನ್ಮೇಲೆ ಯಾರ ಬೋರ್ಡೂ ಮುಟ್ಟಲ್ಲ."

ಸಂಗ್ರಾಹಕರು ಹಿಂದೆಮುಂದೆ ನೋಡಿದರು. ಆದರೆ ಅಷ್ಟು ಜನರ ಎದುರು ಬೇಡ ಎನ್ನುವುದು ಹೇಗೆ? ಎಲೆಕ್ಟ್ರಿಷಿಯನ್ ಬಂದ. ಒಂದೊಂದಾಗಿ ನಾಲ್ಕು ಸ್ಕ್ರೂ ತೆಗೆದ. ಪ್ರಯೋಗ ಎಂದರೇನು ಎಂದು ಮಕ್ಕಳಿಗೆ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದ್ದೆ. ಇಷ್ಟು ಗಂಡೆದೆಯ ಪ್ರಯೋಗವನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಬೋರ್ಡು ಮಗುಚಿದರು. ನಾನು ಕಾಗದ ಬಿಚ್ಚಿ ಪಕ್ಕದಲ್ಲಿ ಹಿಡಿದೆ. ಮೂರು ಚುಕ್ಕೆ. ಮೇಲಿನ ಎಡಮೂಲೆ ಖಾಲಿ. ಜಯಮ್ಮನ ಬೋರ್ಡನ್ನು ಅದರ ಪಕ್ಕಕ್ಕೇ ಮಗುಚಿಟ್ಟೆವು. ಮೂರು ಚುಕ್ಕೆ. ಮೇಲಿನ ಎಡಮೂಲೆ ಖಾಲಿ.

ಹಾಲಿನಲ್ಲಿದ್ದ ಮೂವತ್ತೂ ಜನ ಒಟ್ಟಿಗೇ ಮಾತಾಡತೊಡಗಿದರು.

"ಆ ನೀಲಿ ಅಕ್ಷರಕ್ಕೆ ಉಗುರು ಎಡವಿದಾಗಲೇ ನನ್ನ ಕೈಕೆಲಸ ಅಂತ ಗೊತ್ತಾಯ್ತು. ಎರಡೂ ಒಂದೇ ಕುಲುಮೆಯಿಂದ ಬಂದಿದ್ದು ಸಾರ್," ಎಂದರು ಇವರು. "ಈಯಮ್ಮಂದು ಡೂಪ್ಲಿಕೇಟ್ ಅಂದ್ರೆ ನಿಮ್ಮದೂ ಡೂಪ್ಲಿಕೇಟ್. ನಿಮ್ಮದು ಅಸಲಿ ಅಂದ್ರೆ ಈಯಮ್ಮಂದೂ ಅಸಲಿ. ಯಾವುದು ಅಂತ ನೀವೇ ಹೇಳ್ಬಿಡಿ."

ನಾನು ಸಭ್ಯತೆ ಮರೆತು ಚಪ್ಪಾಳೆ ತಟ್ಟಿದೆ. ಹಿಂದಿನ ಸಾಲಿನವರೂ ತಟ್ಟಿದರು, ಕಿಸಕ್ಕೆಂದವನೂ ಸೇರಿ. ಸಂಗ್ರಾಹಕರ ಮುಖ ಮೊದಲು ಕೆಂಪಾಯಿತು, ಆಮೇಲೆ ನಕ್ಕರು. ಅವರು ದೊಡ್ಡ ಮನುಷ್ಯರೇ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಇವರ ಕೈ ಹಿಡಿದುಕೊಂಡು, "ನಲವತ್ತೇ ಮಾಡಿದ್ದಾ ಸಾರ್? ಇನ್ನೆಷ್ಟು ಉಳಿದಿರಬಹುದು?" ಎಂದು ಶಾಲೆಯ ಹುಡುಗರ ಹಾಗೆ ಕೇಳಿದರು. ಮತ್ತೆ ಜಯಮ್ಮನ ಕಡೆ ತಿರುಗಿ, "ನಾನೇ ತಗೋತೀನಿ ಅಮ್ಮ. ಹೇಳಿ, ಎಷ್ಟು?" ಎಂದರು.

ಜಯಮ್ಮ ಇವರ ಮುಖ ನೋಡಿದಳು. ಯಾರ ವಸ್ತುವಿಗಾದರೂ ಪಟ್ಟನೆ ಬೆಲೆ ಹೇಳುತ್ತಿದ್ದ ಮನುಷ್ಯ ಆಗ ಸುಮ್ಮನೆ ನಿಂತುಬಿಟ್ಟರು. ಉಗುರಿಲ್ಲದ ಹೆಬ್ಬೆರಳಿನಿಂದ ಬೋರ್ಡಿನ ಅಂಚು ಸವರುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ನನಗೆ ಗಾಬರಿಯಾಯಿತು.

"ಎರಡು ಲಕ್ಷ," ಎಂದರು.

ಯಾರೋ ಶಿಳ್ಳೆ ಹಾಕಿದರು. ಜಯಮ್ಮ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚುಚ್ಚಿತು.

"ಸಾರ್, ಲೋಕಲ್ ಬೋರ್ಡಿಗೆ... ಒಂದೂವರೆಗೆ ಮುಗಿಸೋಣ," ಎಂದರು ಸಂಗ್ರಾಹಕರು.

ಇವರು ಬೆಡ್‌ಶೀಟು ಹಾಸಿ ಬೋರ್ಡನ್ನು ಸುತ್ತತೊಡಗಿದರು. ಒಂದು ಮೂಲೆ ಮಡಚಿದರು, ಎರಡನೆಯದು ಮಡಚಿದರು. ಮೂರನೆಯ ಮೂಲೆಗೆ ಕೈ ಹಾಕುವಾಗ ಸಂಗ್ರಾಹಕರು, "ಆಯ್ತು ಸಾರ್, ಆಯ್ತು. ಬಿಚ್ಚಿ," ಎಂದರು. ಹಾಲಿನಲ್ಲಿ ಇನ್ನೊಂದು ಸುತ್ತು ಚಪ್ಪಾಳೆಯಾಯಿತು.

ಹೊರಗೆ ಬಂದು ಆಟೋ ಹತ್ತಿದೆವು. ಜಯಮ್ಮ ಕಣ್ಣು ಒರೆಸಿಕೊಂಡು, "ಅಣ್ಣ, ಬಸವೇಶ್ವರನಗರ ಆಮೇಲೆ. ಮೊದ್ಲು ಹೇರೋಹಳ್ಳಿಗೆ ಬಿಡಿ. ಅಂಗಡಿ ಓನರ್ ಮಲಗೋಕ್ಮುಂಚೆ ಸಿಗ್ಬೇಕು," ಎಂದಳು. ಮೈಸೂರು ರಸ್ತೆ ದಾಟುತ್ತಿದ್ದಂತೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಸಾರ್, ಅಷ್ಟೊಂದು ಹೇಳ್ಬಿಟ್ರಲ್ಲ, ಬೇಡ ಅಂದುಬಿಟ್ಟಿದ್ರೆ? ಹೆದ್ರಿಕೆ ಆಗ್ಲಿಲ್ವಾ ನಿಮ್ಗೆ?"

ಅವರು ಖಾಲಿ ಬೆಡ್‌ಶೀಟನ್ನು ತೊಡೆಯ ಮೇಲೆ ನೀಟಾಗಿ ಮಡಚುತ್ತಿದ್ದರು.

"ಕೆಲಸ ಮಾಡಿದಷ್ಟು ವರ್ಷಾನೂ ರೇಟು ಅವರು ಹೇಳ್ತಿದ್ರು ಕಣಮ್ಮ, ನಾನು ಆಯ್ತು ಅಂತಿದ್ದೆ," ಎಂದರು. "ಇವತ್ತು ನಾನು ಹೇಳ್ದೆ. ಅವರು ಆಯ್ತು ಅಂದ್ರು."